ತಿದಿಯಕ್ಕನ ಎಂಜಲು

ತಿದಿಯಕ್ಕ ಗಾಜು ಊದಲು ನಿಂತರೆ ಬೀದಿಯ ಗಾಳಿಯೆಲ್ಲ ಕಾರ್ಖಾನೆಗೆ ನುಗ್ಗಿ, ಪಕ್ಕದ ಮನೆಯವರು ಉಸಿರಿಗೆ ಪರದಾಡುತ್ತಿದ್ದರು. ಸುಳ್ಳೆನಿಸಿದರೆ ಅವರನ್ನೇ ಕೇಳಿ, ಇನ್ನೂ ಏದುಸಿರು ಬಿಡುತ್ತಿದ್ದಾರೆ. ಇಂಥವಳ ಮಿದುಳಿನಲ್ಲಿ ಗಡ್ಡೆ ಬೆಳೆಯಿತು. ಡಾಕ್ಟರು ತಲೆಬುರುಡೆ ತೆರೆದು ತೆಗೆದರು. ಅವರ ಚಾಕುವಿಗಿಂತ ಅವಳ ನಾಲಗೆಯೇ ಹರಿತವೆಂದು ಇಡೀ ಆಸ್ಪತ್ರೆ ಒಪ್ಪಿಕೊಂಡಿತು.

ಆಪತ್ತು ಬಂದದ್ದು ಆಮೇಲೆ. ಇಂಥ ಗಡ್ಡೆಗೆ ವೈರಸ್ ಕಾರಣವಿರಬಹುದು ಎಂಬ ಸುದ್ದಿಯನ್ನು ಅವಳ ಅಕ್ಕನ ಗಂಡ, ಕಾರ್ಖಾನೆಯ ಯಜಮಾನ, ಪೇಪರಿನಲ್ಲಿ ಅರ್ಧ ಓದಿ ಉಳಿದರ್ಧ ತಾನೇ ಹೆಣೆದುಕೊಂಡ. ಊದುಕೊಳವೆಯೋ ಬಾಯಿಂದ ಬಾಯಿಗೆ ಹೋಗುವಂಥದ್ದು. ಅವಳು ಕೆಲಸಕ್ಕೆ ಮರಳಿದೊಡನೆ ಕೈಗೆ ಪೊರಕೆ ಕೊಟ್ಟ.

"ಗಾಜಿನ ಚೂರು ಗುಡಿಸಮ್ಮ, ಸಾಕು. ಕೊಳವೆ ಮುಟ್ಬೇಡ."

"ಯಾಕೆ ಭಾವ, ನನ್ನ ಗಡ್ಡೆ ಕೊಳವೇಲಿ ಉರುಳ್ಕೊಂಡು ಬಂದು ನಿಮ್ಮ ತಲೆ ಸೇರತ್ತಾ? ಅಲ್ಲಿ ಜಾಗ ಬೇಕಾದಷ್ಟಿದೆ ಬಿಡಿ."

ಕೆಲಸಗಾರರು ಕಿಸಕ್ಕೆಂದರು.

"ನಗಬೇಡ್ರೋ! ವೈರಸ್ಸು ಅಂತ ಪೇಪರಲ್ಲೇ ಬಂದಿದೆ."

"ಡಾಕ್ಟರನ್ನ ಕೇಳಿದೀನಿ. ಕೆಲವು ಗಡ್ಡೇಲಿ ವೈರಸ್ಸು ಸಿಕ್ಕಿದೆಯಂತೆ. ಅದೇ ಗಡ್ಡೆ ತರಿಸ್ತೋ, ಗಡ್ಡೆ ಆದ್ಮೇಲೆ ಬಂದು ಕೂತ್ಕೊಳ್ತೋ, ಯಾರಿಗೂ ಖಾತ್ರಿ ಇಲ್ಲ. ಅರ್ಧ ಜನದ ಮೈಯಲ್ಲಿ ಅದು ಹಾಯಾಗಿ ಮಲಗಿರತ್ತಂತೆ, ನಿಮ್ಮೊಳಗೂ ಗೊರಕೆ ಹೊಡೀತಿರಬಹುದು. ಗಡ್ಡೆ ಮಾತ್ರ ಅಂಟಲ್ಲ."

"ಡಾಕ್ಟ್ರಿಗೇನು, ಹೇಳ್ತಾರೆ. ಊದೋರು ನಾವು."

"ಊದೋದು ಅಂದ್ರೆ ಇದಾ?" ಅವಳಿಲ್ಲದಾಗ ಅವನು ಮಾಡಿದ ಹೂಜಿಗಳತ್ತ ಕೈ ತೋರಿದಳು. ಒಂದೊಂದೂ ಎಮ್ಮೆ ಕೂತೆದ್ದ ಹಾಗಿತ್ತು.

ಪೊರಕೆ ಮೂಲೆಗೆ ಹಾರಿತು. ಅವಳು ಕುಲುಮೆಯಿಂದ ಕೊಳವೆಯ ತುದಿಗೆ ಗಾಜು ಸುತ್ತಿ ತೆಗೆದು, ಒಂದೇ ಉಸಿರಿಗೆ ಗುಳ್ಳೆ ಎಬ್ಬಿಸಿ, ಬೆಂಚಿನ ಮೇಲೆ ಕೂತಳು. ಒಂದು ಕೈ ಕೊಳವೆ ಉರುಳಿಸಿದರೆ ಇನ್ನೊಂದು ಒದ್ದೆ ಮರದ ಸೌಟಿನಿಂದ ಗಾಜು ತಿದ್ದುತ್ತಿತ್ತು. ಅವಳು ಕೂತು ತಿದ್ದುವಾಗ ಊದುವುದು ಬೇರೊಬ್ಬರ ಕೆಲಸ. ಕೊಳವೆಯ ಬಾಯಿ ಭಾವನ ಎದೆಯತ್ತ ಚಾಚಿತ್ತು.

"ಊದಿ."

"ಒರೆಸು ಮೊದ್ಲು."

"ಒರೆಸಲ್ಲ. ಒರೆಸಿದ್ರೆ ನಿಮ್ಮ ಮಾತು ನಿಜ ಅಂತ ನಾನೇ ಒಪ್ಪಿದ ಹಾಗೆ."

ಒಬ್ಬ ಕೆಲಸಗಾರ ಊದಲು ಮುಂದೆ ಬಂದ. ತಿದಿಯಕ್ಕ ತಡೆದಳು. "ನೀನು ಬೇಡಪ್ಪ, ಯಜಮಾನ್ರೇ ಊದ್ಲಿ. ಇಲ್ಲಾಂದ್ರೆ ಇದು ಬಿದ್ದು ಹೋಗ್ಲಿ, ನಾನೂ ಹೋಗ್ತೀನಿ."

ಕಿತ್ತಳೆ ಬಣ್ಣ ಕೆಂಪಾಯಿತು. ಗಾಜು ಬಿಗಿಯತೊಡಗಿತು. ಭಾವ ಅಕ್ಕಪಕ್ಕ ನೋಡಿದ. ಎಲ್ಲರೂ ಅವನ ತುಟಿಯನ್ನೇ ನೋಡುತ್ತಿದ್ದರು. ಹಾವಿಗೆ ಮುತ್ತಿಡುವವನಂತೆ ಕಣ್ಮುಚ್ಚಿ, ಬಾಯಿಟ್ಟು ಊದಿದ. ಹೂಜಿ ಎಷ್ಟು ದುಂಡಗೆ ಉಬ್ಬಿತೆಂದರೆ, ಸೂರ್ಯ ಕಿಟಕಿಯಲ್ಲಿ ಇಣುಕಿ ಹೊಟ್ಟೆ ಉರಿದುಕೊಂಡ.

ಬಾಯಿ ಒರೆಸಿಕೊಳ್ಳಲು ಭಾವನ ಕೈ ಮೇಲೆದ್ದಿತು.

"ಅದಕ್ಕೆಲ್ಲ ಹೊತ್ತಿಲ್ಲ ಭಾವ, ಇನ್ನೊಂದು ಉಸಿರು," ಎಂದಳು ತಿದಿಯಕ್ಕ, ತಲೆಯೆತ್ತದೆ.

ಅವನು ಬಗ್ಗಿದ.