ಗೀರಿಲ್ಲದ ಚರ್ಮ

ಆ ವರ್ಷ ಅಲ್ತಾಯ್ ಬೆಟ್ಟದಲ್ಲಿ ಹಿಮ ಬೇಗ ಬಿತ್ತು, ಅದೂ ಸೊಂಟದ ಮಟ್ಟ. ತಾನು ಕೈಯಾರೆ ಮಾಡಿದ, ಕಾಲಿಗೆ ಕಟ್ಟಿ ಹಿಮದ ಮೇಲೆ ಜಾರುವ ಹಲಗೆಗಳನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ದಿನ ಸಿಗದೆಂದು ಹೆರೆಲ್ ಬೆಳಗಿನಿಂದ ಕುಣಿಯುತ್ತಿದ್ದ. ತಂಗಿ ದೊಲಾನಾಳ ಮುಖ ಮಾತ್ರ ಗಂಟಿಕ್ಕಿಕೊಂಡಿತ್ತು. ಹಲಗೆಗಳ ತಳಕ್ಕೆ ಬಡಿದಿದ್ದದ್ದು ಅವಳ ಬೂದು ಕುದುರೆಯ ಕಾಲಿನ ಚರ್ಮ.

ಕುದುರೆಯ ಕಾಲಿನ ಚರ್ಮವೇ ಆಗಬೇಕು. ಕೂದಲು ಹಿಂದಕ್ಕೆ ಮಲಗಿರುವಂತೆ ಬಡಿದರೆ ಇಳಿಯುವಾಗ ಜಾರುತ್ತದೆ, ಹತ್ತುವಾಗ ಹಿಡಿದು ನಿಲ್ಲಿಸುತ್ತದೆ. ಹೆರೆಲನ ಹಳೆಯ ಜೋಡಿ ಬೋಳಾಗಿತ್ತು. ಚಳಿಗಾಲದ ಪಂದ್ಯಕ್ಕೆ ಹೊಸದು ಬೇಕೆಂದು ಬೇಸಿಗೆಯಿಡೀ ಗೊಣಗಿದ್ದ. ದೊಲಾನಾ ದಿಬ್ಬದಾಚೆಯ ಚಿಕ್ಕಮ್ಮನ ಮನೆಗೆ ಹೋಗಿ ಬರುವಷ್ಟರಲ್ಲಿ ಕುದುರೆ ಇರಲಿಲ್ಲ. ತೋಳ ಕಾಲು ಹರಿದುಹಾಕಿತ್ತು, ನರಳುವುದನ್ನು ನೋಡಲಾರದೆ ಕೊಂದೆ ಎಂದ. ಅವಳು ನಂಬಿದಳು. ಅತ್ತಳು, ತೋಳಕ್ಕೆ ಬಾಯಿಗೆ ಬಂದ ಹಾಗೆ ಶಾಪ ಹಾಕಿದಳು. ಆದರೂ ಆ ಕಾಲುಗಳನ್ನೇ ಹಲಗೆಗೆ ಬಡಿಯಲು ಇವನಿಗೆ ಹೇಗೆ ಮನಸ್ಸು ಬಂತು ಎಂಬ ಸಿಟ್ಟು ಆರಿರಲಿಲ್ಲ.

ಹಲಗೆ ಮಾಡಿದವನೇ ಅದನ್ನು ಮೊದಲು ಮೆಟ್ಟಬಾರದೆಂಬುದು ಅವರ ಮನೆಯ ಪದ್ಧತಿ. ಹಾಗಾಗಿ ಹೊಸದು ತಂಗಿಯ ಕಾಲಿಗೆ, ಬೋಳು ಜೋಡಿ ಅಣ್ಣನ ಕಾಲಿಗೆ. ಅವಳು ಹಿಟ್ಟಿನಂಥ ಹಿಮದ ಮೇಲೆ ಸಲೀಸಾಗಿ ಹತ್ತಿದಳು. ಅವನು ಜಾರುತ್ತ, ಏದುಸಿರು ಬಿಡುತ್ತ ಹಿಂದೆ ಬಂದ.

ನಡುದಾರಿಯ ಬಂಡೆಯ ಹತ್ತಿರ ಹಲಗೆಗಳನ್ನು ಬಿಚ್ಚಿಸಿ, ಮಗುಚಿ ಹಿಡಿದ. ಜಂಬ ತಡೆಯಲಾಗಲಿಲ್ಲ.

"ನಾಲ್ಕೂ ಕಾಲಿಂದು ಸೇರಿಸಿ ಹೊಲಿದಿದ್ದೀನಿ ಕಣೇ. ಬೇರೆ ಕುದುರೆದು ಒಂದು ಚೂರೂ ಇಲ್ಲ. ಎಲ್ಲಾದ್ರೂ ಒಂದು ಗೀರು ಇದ್ರೆ ತೋರ್ಸು ನೋಡೋಣ."

ದೊಲಾನಾ ಕೈಗವಸು ತೆಗೆದು ಹೊಲಿಗೆಯಿಂದ ಹೊಲಿಗೆಗೆ ಸವರಿದಳು. ಗೀರಿರಲಿಲ್ಲ.

"ತೋಳ ಹರಿದಿದ್ದು ಯಾವ ಕಾಲು ಅಣ್ಣ?"

ಹೆರೆಲ್ ಹಲಗೆಗಳನ್ನು ತನ್ನತ್ತ ಎಳೆದುಕೊಂಡ. ಆಮೇಲೆ, ಕುದುರೆಗೆ ಹೇಗೂ ವಯಸ್ಸಾಗಿತ್ತಲ್ಲ, ಮುದಿ ಪ್ರಾಣಿಗಾಗಿ ಒಡಹುಟ್ಟಿದವನ ಮೇಲೆ ಇಷ್ಟು ಕೋಪವೇ ಎಂದು ತೊದಲಿದ.

ದೊಲಾನಾಳ ಮೈಯೆಲ್ಲ ಉರಿದುಹೋಯಿತು. ಸತ್ತ ಕುದುರೆಗಿಂತ, ತಾನು ತೋಳದ ಹೆಸರಲ್ಲಿ ಅಳುವಂತೆ ಮಾಡಿದ್ದಕ್ಕೆ ಹೆಚ್ಚು ಉರಿಯಿತು. ಹಲಗೆಗಳನ್ನು ಅವನ ಕೈಯಿಂದ ಕಿತ್ತುಕೊಂಡು ಕಾಲಿಗೆ ಬಿಗಿದಳು.

"ನನ್ನ ಕುದುರೆ, ನನ್ ಹತ್ರಾನೇ ಇರತ್ತೆ. ನೀನು ಬೋಳು ಹಲಗೇಲೇ ಪಂದ್ಯಕ್ಕೆ ಹೋಗು. ಹೊಸದೆಲ್ಲಿ ಅಂತ ಯಾರಾದ್ರೂ ಕೇಳಿದ್ರೆ, ತೋಳ ತಿಂತು ಅನ್ನು."

ಕೋಲು ಊರಿ ದಿಬ್ಬದ ಕಡೆಗೆ, ಚಿಕ್ಕಮ್ಮನ ಮನೆಯ ದಾರಿಗೆ ತಿರುಗಿದಳು. ಹೆರೆಲ್ ಬೆನ್ನಟ್ಟಲು ನೋಡಿದ. ಒಂದು ಹೆಜ್ಜೆ ಏರಿದರೆ ಎರಡು ಹೆಜ್ಜೆ ಕೆಳಗೆ ಜಾರಿದ. ಕೂಗಿದ, ಬೈದ, ಕೊನೆಗೆ ಬೇಡಿಕೊಂಡ. ಅವಳು ತಿರುಗಿ ನೋಡಲಿಲ್ಲ. ಆ ನಾಲ್ಕು ಕಾಲುಗಳು ಹಿಂದೆಂದೂ ಅವಳನ್ನು ಬೀಳಿಸಿರಲಿಲ್ಲ, ಇವತ್ತೂ ಬೀಳಿಸಲಿಲ್ಲ.