ಮಂಜು ಬಿಡುವ ಹೊತ್ತು

“ಇದೇನ್ರೀ, ಉಪ್ಪಿನ ರಾಶಿ ಮೇಲೆ ಇರುವೆ ಹರಿದ ಹಾಗಿದೆಯಲ್ಲ?”

ಹಾಸಿಗೆ ಕೊಡವಲು ಹೋಗಿದ್ದ ದಾಕ್ಷಾಯಣಮ್ಮ ದಪ್ಪದೊಂದು ಇಂಗ್ಲಿಷ್ ಪುಸ್ತಕದಲ್ಲಿ ಚಿತ್ರವಿದ್ದ ಪುಟ ಬಿಡಿಸಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮುಖಕ್ಕೆ ಸೋಪು ಬಳಿದುಕೊಂಡು ಕನ್ನಡಿಯ ಮುಂದೆ ಕೂತಿದ್ದ ಅವಳ ಗಂಡ ಏಕಾಂತಪ್ಪನ ರೇಜರ್ ಕೆನ್ನೆಯ ಮೇಲೇ ನಿಂತಿತು. ಅದನ್ನು ಗಾದಿಯ ಕೆಳಗೆ ಕೈಗೆಟುಕದಷ್ಟು ಒಳಗೆ ತಳ್ಳಿದ್ದೇನೆಂದು ಅವನು ನಂಬಿದ್ದ.

ಜನ್ನಾಪುರದ ಮನೆ ಬಿಟ್ಟರೆ ಕಾರ್ಖಾನೆಯ ಆಫೀಸು, ಆಫೀಸು ಬಿಟ್ಟರೆ ಮನೆ, ಇಷ್ಟೇ ದಾರಿ ತುಳಿದ ಗುಮಾಸ್ತ ಅವನು. ಮಠದ ಮೆಟ್ಟಿಲು ಹತ್ತಿದರೂ ಏದುಸಿರು ಬಿಡುವ ಈ ಮಹಾಶಯ ಭಾನುವಾರ ರೈಲು ಹಿಡಿದು ಶಿವಮೊಗ್ಗಕ್ಕೆ ಹೋಗಿ, ವಾಚನಾಲಯದಲ್ಲಿ ಪರ್ವತಾರೋಹಣದ ಪುಸ್ತಕಗಳನ್ನೇ ಹುಡುಕಿ ತರುತ್ತಿದ್ದ. “ಈ ವಯಸ್ಸಲ್ಲಿ ಹಿಮಾಲಯ ಹತ್ತೋಕೆ ಹೊರಟ್ರಾ ಮಾರಾಯ್ರೇ?” ಎಂದು ಅಲ್ಲಿ ಪುಸ್ತಕ ಬರೆದುಕೊಡುವ ಜಟ್ಟಪ್ಪ ಕಿಚಾಯಿಸುತ್ತಿದ್ದ. ಏಕಾಂತಪ್ಪ ನಕ್ಕು ಪುಸ್ತಕವನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ಹಿಮದಲ್ಲಿ ಕಳೆದುಹೋಗಿ ತುಂಬ ಕಾಲದ ಮೇಲೆ ಬದುಕಿ ಬಂದವನು ಒಬ್ಬನಾದರೂ ಇದ್ದಾನೆಯೇ ಎಂದು ಹುಡುಕುತ್ತಿದ್ದೇನೆ ಅಂತ ಯಾರ ಮುಂದೆ ಹೇಳಿಕೊಳ್ಳುವುದು?

ಹಿಂದಿನ ಚಳಿಗಾಲದ ಚೀನಾ ಯುದ್ಧದಲ್ಲಿ ಮಗ ಮುರುಗೇಶ ಕಾಣೆಯಾದನೆಂದು ಸೈನ್ಯದಿಂದ ತಂತಿ ಬಂದಿತ್ತು. ಅದನ್ನು ಏಕಾಂತಪ್ಪನೇ ಹೆಂಡತಿಗೆ ಕನ್ನಡದಲ್ಲಿ ಹೇಳಿದ್ದ: “ಮಂಜಲ್ಲಿ ಕಾಣೆಯಾಗಿದಾನಂತೆ.” ದಾಕ್ಷಾಯಣಮ್ಮನಿಗೆ ಗೊತ್ತಿದ್ದ ಮಂಜು ಒಂದೇ. ಅದು ಬೆಳಗಿನ ಜಾವ ಭದ್ರಾ ಹೊಳೆಯಿಂದ ಎದ್ದು ಎದುರು ಮನೆಯನ್ನೂ ಮುಚ್ಚುವ, ಬಿಸಿಲು ಏರಿದರೆ ಹರಿದುಹೋಗುವ ಮಂಜು. ಅವಳು ಕಣ್ಣೊರೆಸಿಕೊಂಡು, “ಅಷ್ಟೇನಾ? ದಾರಿ ತಪ್ಪಿರ್ತಾನೆ. ಮಂಜು ಬಿಟ್ಟ ಮೇಲೆ ಬರ್ತಾನೆ ಬಿಡಿ” ಎಂದಿದ್ದಳು. ಆ ಮಾತನ್ನು ತಿದ್ದಲು ಏಕಾಂತಪ್ಪನಿಗೆ ನಾಲಗೆ ಏಳಲಿಲ್ಲ. ಅಂದಿನಿಂದ ಅವಳು ದಿನಾ ಬೆಳಿಗ್ಗೆ ಮಂಜು ಹರಿಯುವವರೆಗೂ ಜಗಲಿಯಲ್ಲಿ ನಿಲ್ಲುತ್ತಿದ್ದಳು. ಒಂದು ರೊಟ್ಟಿ ಹೆಚ್ಚಿಗೆ ತಟ್ಟಿಡುತ್ತಿದ್ದಳು.

“ಕೇಳ್ತಿರೋದು ನಿಮ್ಮನ್ನೇ. ಏನಿದು ಬೆಳ್ಳಗೆ?”

ಉಪ್ಪು ಎಂದೇ ಹೇಳಿಬಿಡಬಹುದಿತ್ತು. ಆದರೆ ಇಷ್ಟು ದಿನ ನಿಜವನ್ನು ಒಬ್ಬನೇ ಹೊತ್ತು ಅವನು ಸೋತುಹೋಗಿದ್ದ.

“ಮಂಜು” ಎಂದ.

“ಹೋಗ್ರೀ. ಮಂಜು ಎಲ್ಲಾದ್ರೂ ಹಿಂಗಿರುತ್ತಾ?”

“ಅಲ್ಲಿ ಹಿಂಗೇ ಇರುತ್ತೆ. ಆಳುದ್ದ ಬೀಳುತ್ತೆ. ಆಮೇಲೆ ಕಲ್ಲಿನ ಹಾಗೆ ಗಟ್ಟಿಯಾಗುತ್ತೆ.”

“ಬಿಸಿಲು ಬಂದ್ರೆ ಹೋಗುತ್ತಲ್ಲ?”

“ಇಲ್ಲ ದಾಕ್ಷಾಯಣಿ. ಅಷ್ಟು ಎತ್ತರದಲ್ಲಿ ಬಿಸಿಲಿಗೂ ಹೋಗಲ್ಲ.”

ಅವಳು ಹೊಸ್ತಿಲ ಮೇಲೆ ಕೂತಳು. ಕಾರ್ಖಾನೆಯ ಸೈರನ್ ಕೂಗಿತು. ಏಕಾಂತಪ್ಪ ಏಳಲಿಲ್ಲ; ಕೆನ್ನೆಯ ಮೇಲೆ ಸೋಪು ಒಣಗುತ್ತಿತ್ತು.

“ಇಷ್ಟೊಂದು ಓದಿದ್ರಲ್ಲ, ಯಾರೂ ಬಂದಿಲ್ವಾ?”

“ಒಂದೆರಡು ದಿನ ಸಿಕ್ಕಿಕೊಂಡೋರು ಬಂದಿದಾರೆ. ವರ್ಷ ಆದೋರು ಯಾರೂ ಇಲ್ಲ.”

ಅವಳು ಚಿತ್ರದ ಮೇಲೆ ಬೆರಳಾಡಿಸುತ್ತ ಕೇಳಿದಳು: “ಬಿದ್ದಿರ್ತಾನಾ ಹಂಗಾದ್ರೆ, ಎಲ್ಲೋ?”

“ಸುಸ್ತಾದೋರು ಕೂತ್ಕೋತಾರಂತೆ. ಆಮೇಲೆ ಏಳೋಕಾಗಲ್ಲ. ಕೂತಲ್ಲೇ ಇರ್ತಾರೆ.”

“ಕೂತೇ ಇರ್ತಾರಾ?”

“ಕೂತೇ. ಮುಖನೂ ಕೆಡಲ್ಲವಂತೆ.”

ಲಿಂಗಾಯತರಾದ ಇವರ ಪೈಕಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಸುತ್ತ ವಿಭೂತಿ ತುಂಬಿ, ಕೂರಿಸಿಯೇ ಮಣ್ಣು ಮಾಡುತ್ತಾರೆ. ದಾಕ್ಷಾಯಣಮ್ಮನ ಮುಖದಲ್ಲಿ ಸಮಾಧಾನದಂಥದ್ದೇನೋ ಸುಳಿಯಿತು.

“ಕೊರಳಲ್ಲಿ ಲಿಂಗ ಇತ್ತು. ಕೈಗೆ ತಗೊಂಡಿರ್ತಾನೆ, ಅಲ್ವಾ?”

ಆ ಚಳಿಗೆ ಬೆರಳು ಮರಗಟ್ಟಿ ಅಂಗಿಯ ಗುಂಡಿಯನ್ನು ಬಿಚ್ಚಲೂ ಆಗುವುದಿಲ್ಲವೆಂದು ಪುಸ್ತಕದಲ್ಲಿತ್ತು.

“ಹೂಂ, ತಗೊಂಡಿರ್ತಾನೆ” ಎಂದ.

ಅವಳು ಎದ್ದು ದೇವರ ಮನೆಗೆ ಹೋಗಿ ವಿಭೂತಿ ಗಟ್ಟಿ ತಂದಳು. ಪುಸ್ತಕವನ್ನು ಮಣೆಯ ಮೇಲಿಟ್ಟು, ಅದೇ ಚಿತ್ರ ಬಿಡಿಸಿ, ಮೂರು ಬೆರಳಿನಿಂದ ಹಾಳೆಗೆ ಅಡ್ಡಲಾಗಿ ಎಳೆದಳು. ವಾಚನಾಲಯದ ಪುಸ್ತಕವಾದರೂ ಏಕಾಂತಪ್ಪ ತಡೆಯಲಿಲ್ಲ. ಬಿಳಿಯ ಮೇಲೆ ಬಿಳಿ ಕಾಣಲಿಲ್ಲ. ಅವಳು ಇನ್ನೊಮ್ಮೆ ಎಳೆದಳು. ಆಗಲೂ ಕಾಣದೆ, ಗಟ್ಟಿಯನ್ನು ಅಂಗೈಯಲ್ಲಿ ಪುಡಿಮಾಡಿ ಹಾಳೆಯ ತುಂಬ ಉದುರಿಸತೊಡಗಿದಳು.