ಶೆಟ್ಟರು ರಿಜಿಸ್ಟ್ರಿ ತೊಳೆದದ್ದು

ಕಸೂತಿ ಮೆಷಿನ್ನಿನ ಸಾಫ್ಟ್‌ವೇರ್ ತೆರೆಯಲೇ ಇಲ್ಲ. ಸರಸ ಮೌಸನ್ನು ಕುಟ್ಟಿದಳು, ಮತ್ತೆ ಕುಟ್ಟಿದಳು. ಪರದೆಯ ಮೇಲೆ ಪುಟ್ಟ ಚೌಕವೊಂದು ಮೂಡಿ, ಇಂಥ ಸಾಫ್ಟ್‌ವೇರೇ ಈ ಕಂಪ್ಯೂಟರಿನಲ್ಲಿ ಇಲ್ಲ ಎಂದು ತಿಳಿಸಿ ಮಾಯವಾಯಿತು.

ನಿನ್ನೆ ಸಂಜೆಯವರೆಗೂ ಅವಳು ಅದರಲ್ಲೇ ಕೆಲಸ ಮಾಡಿದ್ದಳು. ಬಾರ್ಕೂರಿನ ಪ್ರಜ್ಞಾಳ ಮದುವೆಯ ರವಿಕೆ ಅದು. ಹೆಮ್ಮಾಡಿಯ ಸೇವಂತಿಗೆಯನ್ನೇ ನೋಡಿಕೊಂಡು ಸರಸ ಕಂಪ್ಯೂಟರಿನಲ್ಲಿ ಬಿಡಿಸಿದ್ದ ಬಳ್ಳಿ. ಎಡತೋಳು ಮುಗಿದು ಮೇಜಿನ ಮೇಲಿತ್ತು. ಬಲತೋಳಿನ ಬಟ್ಟೆ ಚೌಕಟ್ಟಿನಲ್ಲಿ ಬಿಗಿದು ಕಾಯುತ್ತಿತ್ತು. ಸಾಫ್ಟ್‌ವೇರ್ ಹೇಳಿದರೆ ಮಾತ್ರ ಮೆಷಿನ್ ಹೊಲಿಯುತ್ತದೆ. ಇನ್ನೊಂದು ತೋಳನ್ನು ಕೈಯಲ್ಲಿ ಹೊಲಿದರೆ ಎರಡೂ ಒಂದೇ ಥರ ಕಾಣುವುದು ಸಾಧ್ಯವೇ ಇರಲಿಲ್ಲ. ಮದುವೆಗೆ ಉಳಿದಿದ್ದು ಒಂದೇ ವಾರ.

ಅವಳ ಅನುಮಾನ ಹೋದದ್ದು ನೇರ ಗಂಡನ ಮೇಲೆ.

ಲೀಲಾಧರ ಶೆಟ್ಟರು ಮುಂಬೈಯಲ್ಲಿ ಹೋಟೆಲು ನಡೆಸಿದವರು. ಮೊಣಕಾಲಿನ ಆಪರೇಷನ್ ಆದ ಮೇಲೆ ಅದನ್ನು ತಮ್ಮನಿಗೆ ವಹಿಸಿ ಊರಿಗೆ ಬಂದಿದ್ದರು. ಅಡುಗೆಮನೆಯ ಮೂಲೆಯಲ್ಲಿ ಜಿಡ್ಡು ಕಂಡರೆ ಸಹಿಸದ ಮನುಷ್ಯ. ಇಲ್ಲಿ ತೊಳೆಸಲು ಹೋಟೆಲು ಇರಲಿಲ್ಲ, ಕಂಪ್ಯೂಟರ್ ಇತ್ತು. ಯಾವ ಸಾಫ್ಟ್‌ವೇರ್ ಎಲ್ಲಿದೆ, ಹೇಗೆ ಓಡಬೇಕು ಎಂಬುದನ್ನೆಲ್ಲ ಕಂಪ್ಯೂಟರು ತನ್ನೊಳಗೆ ಬರೆದಿಟ್ಟುಕೊಳ್ಳುವ ಜಾಗಕ್ಕೆ ರಿಜಿಸ್ಟ್ರಿ ಎನ್ನುತ್ತಾರೆ, ಅದರಲ್ಲಿ ಕಸ ತುಂಬಿದರೆ ಕಂಪ್ಯೂಟರ್ ಒಂದು ದಿನ ನಿಂತೇ ಹೋಗುತ್ತದೆ ಎಂದು ಅವರಿಗೆ ಕುಂದಾಪುರದ ಕಂಪ್ಯೂಟರ್ ಅಂಗಡಿಯ ಮಿಥುನ್ ಹೇಳಿ, ಅದನ್ನು ಗುಡಿಸುವ ಕ್ಲೀನರ್ ಎಂಬ ಸಾಫ್ಟ್‌ವೇರನ್ನೂ ಮಾರಿದ್ದ. ಅಂದಿನಿಂದ ಬೆಳಗಿನ ಚಾ ಕುಡಿದದ್ದೇ ಶೆಟ್ಟರು ಅದರ ಮುಂದೆ ಕೂರುತ್ತಿದ್ದರು. 'ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ' ಎಂದು ಕೆಂಪು ಅಕ್ಷರ ಬರುವುದು, ಇವರು ಗಾಬರಿಯಲ್ಲಿ ಬಟನ್ ಒತ್ತುವುದು, ಎಲ್ಲ ಹಸಿರಾಗುವುದು. ಆಮೇಲೆ ಅವಳನ್ನು ಕರೆದು ತೋರಿಸುವುದು.

"ಹ್ವಾಯ್, ನಿನ್ನೆ ಕಂಪ್ಯೂಟರಿಗೆ ಎಂತ ಮಾಡಿರಿ ನೀವ್?"

"ಎಂತ ಮಾಡ್ಲಿಲ್ಲ ಮಾರಾಯ್ತಿ. ರಾತ್ರಿ ಮತ್ತೊಂದ್ಸಲ ಕ್ಲೀನ್ ಮಾಡ್ದೆ, ಅಷ್ಟೇ. ಡೀಪ್ ಕ್ಲೀನ್ ಅಂದೇಳಿ ಹೊಸ್ತೊಂದ್ ಬಂದಿತ್ತ್."

"ಅದ್ ನನ್ನ ಸಾಫ್ಟ್‌ವೇರನ್ನೂ ತೊಳ್ದ್ ಬಿಸಾಡಿತ್ತ್!"

"ತಪ್ಪ್ ಇದ್ದದ್ದನ್ನ್ ಮಾತ್ರ ತೆಗಿತ್ತ್ ಅದ್," ಎಂದರು ಶೆಟ್ಟರು, ಕ್ಲೀನರ್ ತಮ್ಮ ಸ್ವಂತ ಮಗನೋ ಎಂಬಂತೆ.

"ಹಂಗಾರೆ ನನ್ನ ಕೆಲ್ಸವೇ ತಪ್ಪಾ? ತೆಗ್ದದ್ದನ್ನ್ ವಾಪಸ್ ಹಾಕುಕೆ ಆತಿಲ್ಯಾ?"

ಶೆಟ್ಟರು ಕತ್ತು ತುರಿಸಿಕೊಂಡರು. ತೆಗೆದದ್ದರ ಒಂದು ನಕಲನ್ನು ಕ್ಲೀನರ್ ಬೇರೆ ಕಡೆ ಇಟ್ಟಿತ್ತು. ಅದೂ ಕಸವೆಂದು ಅವರು ಅದನ್ನೂ ಅಳಿಸಿದ್ದರು.

ಸರಸ ಕಂಪ್ಯೂಟರಿನ ಡಬ್ಬವನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ರಿಕ್ಷಾ ಕರೆಸಿ, ಗಂಡನನ್ನೂ ಕೂರಿಸಿಕೊಂಡು ಹೊರಟಳು. ಕುಂದಾಪುರ ಮುಟ್ಟುವವರೆಗೆ ಡಬ್ಬ ಶೆಟ್ಟರ ತೊಡೆಯ ಮೇಲಿತ್ತು. ಅವಳು ಹೊರಗೆ ನೋಡುತ್ತ, ಮನೆಗೆ ವಾಪಸಾದ ಮೇಲೆ ಈ ಮನುಷ್ಯನಿಗೆ ಹೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದಳು.

ಮಿಥುನ್ ನಗುಮುಖದಿಂದ ಡಬ್ಬಕ್ಕೆ ವೈರು ಚುಚ್ಚಿ, ಮೊದಲು ಓಡಿಸಿದ್ದು ಆ ಕ್ಲೀನರನ್ನೇ. ಪರದೆ ಕೆಂಪಾಯಿತು.

"ಇನ್ನೂ ಎಷ್ಟ್ ಎರರ್ ಇತ್ತ್ ಕಾಣಿ ಅಕ್ಕ. ರಿಜಿಸ್ಟ್ರಿ ಪೂರಾ ಹಾಳಾಯ್ತ್. ಅದ್ಕೇ ನಿಮ್ಮ ಸಾಫ್ಟ್‌ವೇರ್ ಹೋದ್ದ್. ಇದ್ರದ್ದೇ ದೊಡ್ಡ ವರ್ಷನ್ ಬಂದಿತ್ತ್, ಅದನ್ ಹಾಕುವ."

ಶೆಟ್ಟರು ಜೇಬಿಗೆ ಕೈ ಹಾಕಿದರು. ಸರಸ ಅವರ ಮಣಿಕಟ್ಟು ಹಿಡಿದಳು.

"ನಿನ್ನೆ ಎಲ್ಲಾ ಹಸ್ರ್ ಆಯಿತ್ತಲೆ. ಒಂದ್ ರಾತ್ರೀಲ್ ಇಷ್ಟ್ ಕಸ ಯಾರ್ ತಂದ್ ಹಾಕ್ರ್?"

"ಅದ್ ಹಂಗೇ ಅಕ್ಕ. ಬಳ್ಸಿದ್ಹಂಗೆ ತುಂಬುದ್."

ಅವನ ಬೆನ್ನ ಹಿಂದೆ, ಈಗಷ್ಟೇ ಪೆಟ್ಟಿಗೆಯಿಂದ ತೆಗೆದ ಹೊಸ ಕಂಪ್ಯೂಟರೊಂದು ಓಡುತ್ತಿತ್ತು. ಪ್ಲಾಸ್ಟಿಕ್ ಹಾಳೆಯನ್ನೂ ಕಿತ್ತಿರಲಿಲ್ಲ.

"ಅದನ್ ಬಳ್ಸಿದ್ದ್ ಯಾರ್?"

"ಯಾರೂ ಇಲ್ಲ. ಅದ್ ಬ್ರಹ್ಮಾವರದವ್ರದ್ದ್, ಇವತ್ತ್ ಕೊಂಡ್ ಹೋತ್ರ್."

"ಹಂಗಾರೆ ಅದ್ಕೂ ಒಂದ್ಸಲ ಈ ಕ್ಲೀನರ್ ಹಾಕಿ ಕಾಂಬ."

ಮಿಥುನ್ ಹಿಂದೆಮುಂದೆ ನೋಡಿದ. ಸರಸ ಕುರ್ಚಿ ಎಳೆದುಕೊಂಡು ಅಲ್ಲೇ ಕುಳಿತಳು. ಅವಳು ಏಳುವ ಲಕ್ಷಣ ಕಾಣದೆ ಅವನು ಕೊನೆಗೆ ಪೆನ್‌ಡ್ರೈವ್ ಚುಚ್ಚಿದ. ಹಸಿರು ಪಟ್ಟಿಯೊಂದು ಎಡದಿಂದ ಬಲಕ್ಕೆ ಹರಿಯಿತು. ಆಮೇಲೆ ಅದೇ ಕೆಂಪು ಅಕ್ಷರ: ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ. ಕೆಳಗೆ ನೂರಾರು ಎರರ್‌ಗಳು.

"ಹೊಸ್ತಿಗೂ ಇತ್ತಾ?" ಎಂದು ಕೇಳಿದರು ಶೆಟ್ಟರು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಬಗ್ಗಿ ನೋಡಿದರು. ಅವರ ಮುಖ ಸಣ್ಣದಾಯಿತು.

ಆ ಮುಖ ಕಂಡದ್ದೇ ಸರಸಳ ಸಿಟ್ಟು ದಿಕ್ಕು ಬದಲಿಸಿತು. ಇಷ್ಟು ದಿನ ಬೆಳಗಾದರೆ ಈ ಮನುಷ್ಯ ಹೆದರಿದ್ದು ನಿಜ, ಕಷ್ಟಪಟ್ಟು ಏನನ್ನೋ ಉಳಿಸಿದೆ ಎಂದು ಹಿಗ್ಗಿದ್ದೂ ನಿಜ. ಕ್ಲೀನರ್ ಮಾರಿದವರು ಇಲ್ಲದ ರೋಗ ಹೇಳಿ ಅವರ ಒಳ್ಳೆಯ ಗುಣವನ್ನೇ ಹಿಡಿದು ಆಡಿಸಿದ್ದರು.

"ಏನ್ ಮಿಥುನ್, ಹೆದ್ರಿಸುದೂ ನೀವೇ, ಮದ್ದ್ ಕೊಡುದೂ ನೀವೇಯಾ?"

"ನಾ ಮಾಡದ್ದಲ್ಲ ಅಕ್ಕ. ಕಂಪನಿಯವ್ರ್ ಕಳ್ಸುದ್."

"ಮಾರುದ್ ಯಾರ್? ಒಂದ್ಸಲವಾರೂ ಹೊಸ ಕಂಪ್ಯೂಟರಿಗೆ ಹಾಕಿ ಕಂಡಿದ್ರ್ಯಾ?"

ಮಿಥುನ್ ಕೀಬೋರ್ಡಿನ ಧೂಳು ಊದಿದ. ಸುಳ್ಳು ಹೇಳಬಹುದಿತ್ತು. ಯಾಕೋ ಹೇಳಲಿಲ್ಲ.

"ಹಾಕಿ ಕಂಡಿದೆ," ಎಂದ.

ಗೊತ್ತಿಲ್ಲದೆ ಮಾರಿದ ಎಂದಿದ್ದರೆ ಸರಸ ಬೈದು ಸುಮ್ಮನಾಗುತ್ತಿದ್ದಳೋ ಏನೋ. ಈಗ ಅವಳ ಸ್ವರ ಏರಿತು. "ಗೊತ್ತಿದ್ದೂ! ಮದಿ ಹೆಣ್ಣಿನ ರವಕಿ ಅರ್ಧ ಆಯಿ ಕೂಕಂಡಿತ್ತ್ ಮನೇಲ್. ನಾ ಆ ಹುಡ್ಗಿಗೆ ಎಂತ ಹೇಳುದ್? ಒಂದೇ ತೋಳ್ ಹಾಕ್ಕೊ ಅಂಬ್ದಾ?" ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ಒಳಗೆ ಇಣುಕಿದರು. ಅವಳು ಸ್ವರ ಇಳಿಸಲಿಲ್ಲ.

ಕೊನೆಗೆ ಮಾತಾಡಿದ್ದು ಶೆಟ್ಟರು. ಮೆಲ್ಲಗೇ ಮಾತಾಡಿದರು. "ನನ್ ಹೋಟ್ಲಗೆ ಹಳ್ಸಿದ್ದ್ ಅಂದೇಳಿ ಗೊತ್ತಿದ್ದೂ ಒಬ್ಬ ಬಡ್ಸಿದ್ರೆ, ಅವತ್ತೇ ಮನಿಗ್ ಕಳಿಸ್ತಿದ್ದೆ ಮಿಥುನ್."

ಮಿಥುನ್ ಡಬ್ಬವನ್ನು ಬಿಚ್ಚಿ, ಎಲ್ಲವನ್ನೂ ಹೊಸದಾಗಿ ತುಂಬಿಕೊಡುತ್ತೇನೆ ಎಂದ. ಸರಸ ಬಿಡಿಸಿದ ಬಳ್ಳಿಗಳೆಲ್ಲ ಬೇರೆ ಕಡೆ ಇದ್ದುದರಿಂದ ಉಳಿದಿದ್ದವು. ಕಸೂತಿ ಸಾಫ್ಟ್‌ವೇರಿನವರು ಮಾತ್ರ ಅದನ್ನು ತೆರೆಯುವ ಹೊಸ ಕೀಲಿಸಂಖ್ಯೆ ಕೊಡಲು ಎರಡು ದಿನ ಸತಾಯಿಸಿದರು. ಅಷ್ಟೂ ಹೊತ್ತು ಫೋನು ಹಿಡಿದು ಹಿಂದಿಯಲ್ಲಿ ಅವರ ಬೆನ್ನು ಬಿದ್ದದ್ದು ಶೆಟ್ಟರೇ. ಬಲತೋಳು ಮುಗಿಯಿತು. ಪ್ರಜ್ಞಾ ಮದುವೆಯ ಫೋಟೋ ಕಳಿಸಿದಾಗ ಇಬ್ಬರೂ ಅದನ್ನು ದೊಡ್ಡದು ಮಾಡಿ ತೋಳುಗಳನ್ನಷ್ಟೇ ನೋಡಿದರು.

ಗಂಡನಿಗೆ ಹೇಳಬೇಕೆಂದು ರಿಕ್ಷಾದಲ್ಲಿ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದನ್ನೂ ಸರಸ ಆಡಲಿಲ್ಲ.

ಒಂದು ತಿಂಗಳು ಕಳೆದು, ನೂಲು ತರಲೆಂದು ಇಬ್ಬರೂ ಕುಂದಾಪುರಕ್ಕೆ ಹೋದಾಗ ಮಿಥುನನ ಅಂಗಡಿಯ ಮುಂದೆ ಹಾದರು. ಗಾಜಿನ ಬಾಗಿಲ ಮೇಲೆ ಕ್ಲೀನರಿನ ಬಣ್ಣದ ಚಿತ್ರ ಹಾಗೇ ಇತ್ತು. ಒಳಗೆ ಸೊಸೈಟಿಯ ನಿವೃತ್ತ ಗುಮಾಸ್ತರಂತೆ ಕಾಣುವ ಒಬ್ಬರು ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಿದ್ದರು. ಪರದೆ ಕೆಂಪಾಗಿತ್ತು.

ಸರಸ ಏನಾದರೂ ಹೇಳುವ ಮೊದಲೇ ಶೆಟ್ಟರು ಕೊಡೆಯನ್ನು ಅವಳ ಕೈಗೆ ಕೊಟ್ಟರು.

"ನೀ ಇಲ್ಲೇ ನಿಲ್. ಈಗ ಬತ್ತೆ."

ಕುಂಟುತ್ತಲೇ ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದರು. ಮುಂಬೈಯಲ್ಲಿ ಅಡುಗೆಮನೆಯ ಆ ತುದಿಗೂ ಕೇಳುತ್ತಿದ್ದ ಅವರ ಸ್ವರ, ಬಾಗಿಲು ಮುಚ್ಚಿದ ಮೇಲೂ ಬೀದಿಗೆ ಕೇಳಿಸಿತು. "ಹ್ವಾಯ್, ಆ ಬಟನ್ ಒತ್ತ್‌ಬೇಡಿ ಮಾರಾಯ್ರೆ!"

ಸರಸ ಹೊರಗೆ ನಿಲ್ಲಲಿಲ್ಲ. ಕೊಡೆ ಮಡಚಿ ತಾನೂ ಒಳಗೆ ಹೋದಳು.